ಕೋನಪ್ಪ ಮೇಷ್ಟ್ರ ಮೂಲೆ ಮೇಜು

ಏಯ್, ಆ ಕಡೆ ನೆರಳು ಹಿಡ್ಕೊಂಡು ಹೋಗ್ತಾ ಇರೋರೇ! ಹೌದು, ನಿಮ್ಮನ್ನೇ ಕೂಗಿದ್ದು! ಕೈಲಿರೋ ಚೀಲ ಕೆಳಗಿಡಿ. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ. ಭಾನುವಾರ ಸಂಜೆ ಐದು ಗಂಟೆಗೆ ನಮ್ಮ ಕೋನಪ್ಪ ಮೇಷ್ಟ್ರು ಎಲ್ಲಿದ್ದರು ಗೊತ್ತೇನ್ರೀ? ಗೊತ್ತಿಲ್ಲ ತಾನೇ? ಹಾಗಿದ್ರೆ ರಸ್ತೆ ದಾಟಿ ಈ ಕಡೆ ಬನ್ನಿ. (ನೆಟ್ಟಗೆ ದಾಟಿ. ಓರೆಯಾಗಿ ದಾಟಿದರೆ ದಾರಿ ಉದ್ದವಾಗುತ್ತದೆ ಅಂತ ಮೇಷ್ಟ್ರೇ ಹೇಳಿಕೊಟ್ಟದ್ದು.)

ಕೋನಪ್ಪ ಅನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಒಂದೇ ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟು, ಅದರಲ್ಲೂ ಕೋನದ ಪಾಠ ಬಂತೆಂದರೆ ಗಂಟೆ ಹೊಡೆದದ್ದೂ ಕೇಳಿಸದಷ್ಟು ಮೈಮರೆತು ಹೇಳಿಕೊಟ್ಟು, ಮಕ್ಕಳ ಬಾಯಿಂದ ಸಂಪಾದಿಸಿದ ಬಿರುದು. ಅವರ ಕಣ್ಣಿಗೆ ಈ ಪ್ರಪಂಚದಲ್ಲಿ ವಸ್ತುಗಳೇ ಇಲ್ಲ, ಬರೀ ಕೋನಗಳು. ಮನೆಯ ಮುಂಬಾಗಿಲನ್ನೇ ತೆಗೆದುಕೊಳ್ಳಿ. ಬಾಗಿಲು ಇಪ್ಪತ್ತು ಡಿಗ್ರಿ ತೆರೆದು ಒಂದು ಕಣ್ಣು ಮಾತ್ರ ಕಂಡರೆ ಅದು ಲಘುಕೋನ, ಬಂದಿರುವವರು ಏನೋ ಮಾರುವವರು. ನೆಟ್ಟಗೆ ತೊಂಬತ್ತು ತೆರೆದರೆ ಲಂಬಕೋನ, ಬಂದಿರುವವರು ಮರ್ಯಾದಸ್ಥರು. ತೊಂಬತ್ತು ದಾಟಿದರೆ ವಿಶಾಲಕೋನ, ಬಂದಿರುವವರು ನೆಂಟರು. ಬಾಗಿಲು ಪೂರ್ತಿ ಹಿಂದಕ್ಕೆ ಹೋಗಿ ಗೋಡೆಗೆ ಢಬ್ ಅಂತ ಬಡಿದರೆ ನೂರ ಎಂಬತ್ತು, ಸರಳಕೋನ. ಬಂದಿರುವವರು ಹೆಂಡತಿಯ ಅಪ್ಪ.

ಇಂಥ ಮೇಷ್ಟ್ರಿಗೆ ಜೀವನದಲ್ಲಿ ಒಂದೇ ಒಂದು ಶತ್ರು: ತಪ್ಪು ಸಾಲು. ಕೋನಮಾಪಕ ಗೊತ್ತಲ್ಲ, ಕಂಪಾಸು ಪೆಟ್ಟಿಗೆಯಲ್ಲಿರುವ ಅರ್ಧಚಂದ್ರ? ಅದರ ಮೇಲೆ ಸಂಖ್ಯೆಗಳು ಎರಡು ಸಾಲು. ಒಂದು ಸಾಲು ಎಡಗಡೆ ಸೊನ್ನೆಯಿಂದ ಹೊರಟು ಬಲಕ್ಕೆ ನೂರ ಎಂಬತ್ತಕ್ಕೆ ಹೋಗುತ್ತದೆ. ಇನ್ನೊಂದು ಬಲಗಡೆ ಸೊನ್ನೆಯಿಂದ ಹೊರಟು ಎಡಕ್ಕೆ ಬರುತ್ತದೆ. ಗೆರೆ ಯಾವ ಕಡೆಯ ಸೊನ್ನೆಯ ಮೇಲೆ ಕೂತಿದೆಯೋ ಆ ಸಾಲನ್ನೇ ಓದಬೇಕು. ಇಲ್ಲದಿದ್ದರೆ ಅರವತ್ತು ಹೋಗಿ ನೂರಿಪ್ಪತ್ತಾಗುತ್ತದೆ. ತಪ್ಪು ಸಾಲು ಓದಿದ ಮಗುವಿಗೆ ಮೇಷ್ಟ್ರ ನ್ಯಾಯಾಲಯದಲ್ಲಿ ಎರಡು ಶಿಕ್ಷೆ. ಒಂದು, ದುಂಡನೆಯ ಸೊನ್ನೆ. ಎರಡು, ‘ಸೊನ್ನೆ ಎಲ್ಲಿದೆಯೋ ಆ ಸಾಲನ್ನೇ ಓದುತ್ತೇನೆ’ ಅಂತ ನೂರು ಸಲ ಬರೆದು ತರುವುದು.

ಹೆತ್ತವರು ಬಂದು ಅಂಗಲಾಚುತ್ತಿದ್ದರು. “ಮೇಷ್ಟ್ರೇ, ಗೆರೆ ಸರಿಯಾಗಿ ಎಳೆದಿದಾಳೆ. ಶೃಂಗ ಸರಿಯಾಗಿ ಗುರುತಿಸಿದಾಳೆ. ಹಂತಕ್ಕಾದ್ರೂ ಎರಡು ಮಾರ್ಕು ಹಾಕಿ.”

“ಕೋನದಲ್ಲಿ ಕರುಣೆ ಇಲ್ಲ,” ಅನ್ನುತ್ತಿದ್ದರು ಮೇಷ್ಟ್ರು. ಹೆಡ್‌ಮೇಡಂ ಕರೆದು ಹೇಳಿದಾಗಲೂ ಅದೇ ಮಾತು. “ಕೋನದಲ್ಲಿ ಕರುಣೆ ಇಲ್ಲ ಮೇಡಂ.” ಹೆಡ್‌ಮೇಡಂ ಆಗ ಕನ್ನಡಕ ಒರೆಸಿಕೊಂಡರು, ಅಷ್ಟೇ. (ಕನ್ನಡಕ ಒರೆಸಿಕೊಳ್ಳುವ ಹೆಂಗಸರನ್ನು ಕಂಡರೆ ಹುಷಾರಾಗಿರಿ. ಅವರು ಏನನ್ನೂ ಮರೆಯುವುದಿಲ್ಲ.)

ಇನ್ನು ಮೇಷ್ಟ್ರ ಹೆಂಡತಿ. ಬೀದಿಗೆಲ್ಲ ಆಕೆ ಟೈಲರಕ್ಕ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಬಟ್ಟೆ ಸುರುಳಿಗಳು, ಬಟ್ಟೆ ಕತ್ತರಿಸುವುದು ನೆಲದ ಮೇಲೆ ಮಂಡಿಯೂರಿ. ಟೈಲರಕ್ಕ ಒಂದು ಡಿಗ್ರಿಯ ಹೆಸರನ್ನೂ ಹೇಳಲಾರಳು. ಆದರೆ ಕಾಲರಿನ ಎರಡು ಮೂಲೆಗಳನ್ನು ಒಂದರ ಮೇಲೊಂದು ಇಟ್ಟರೆ ನೂಲಿನೆಳೆಯಷ್ಟೂ ಆಚೀಚೆ ಇಲ್ಲ.

ಹೀಗಿರುವಾಗ ಟೈಲರಕ್ಕನ ಬಾಳಿನಲ್ಲಿ ಮೊದಲನೇ ಸಲ ಒಂದು ದೊಡ್ಡ ಕೆಲಸ ಬಾಗಿಲು ತಟ್ಟಿತು. ಮೇಷ್ಟ್ರ ಶಾಲೆಯಲ್ಲೇ ಮಕ್ಕಳ ಸಮವಸ್ತ್ರ ಹೊಲಿಸಬೇಕು, ನೂರ ನಲವತ್ತು ಜೊತೆ. ಹೆಡ್‌ಮೇಡಂ ಮಾದರಿಗೆ ಒಂದು ಅಂಗಿ ಹೊಲಿದು ಕಳಿಸಿ ಅಂದರು. ಟೈಲರಕ್ಕ ಮೂರು ಸಂಜೆ ಕೂತು ಹೊಲಿದಳು. ಅಂಗಿ ಶಾಲೆಗೆ ಹೋಯಿತು. ಹಿಂದೆಯೇ ವಾಪಸ್ಸೂ ಬಂತು, ಒಂದು ಚೀಟಿಯ ಜೊತೆ: ‘ಹೊಲಿಗೆ ಚೆನ್ನಾಗಿದೆ. ಬೆನ್ನಿನ ಮೇಲೆ ಗಂಡಸಿನ ಹೆಜ್ಜೆ ಗುರುತಿದೆ.’

ಆ ಗಂಡಸು ಯಾರು ಅಂತ ನಾನು ಬೇರೆ ಹೇಳಬೇಕಾ? ನೆಲದ ಮೇಲೆ ಹರಡಿದ್ದ ಬಟ್ಟೆಯ ಮೇಲೆ ಮೇಷ್ಟ್ರು ಪೇಪರ್ ಓದುತ್ತ ಸಾಗಿಹೋಗಿದ್ದರು.

ಚೀಟಿಯ ಕೆಳಗೆ ಇನ್ನೊಂದು ಸಾಲಿತ್ತು. ‘ಭಾನುವಾರ ಐದು ಗಂಟೆಗೆ ಬಂದು ಕೆಲಸದ ಜಾಗ ನೋಡುತ್ತೇನೆ. ಬಟ್ಟೆ ಕತ್ತರಿಸುವುದಕ್ಕೆ ಮೇಜಿದ್ದರೆ ಕೆಲಸ ನಿಮಗೆ.’

“ಮೇಜು,” ಅಂದಳು ಟೈಲರಕ್ಕ, ಚೀಟಿಯನ್ನು ಮಡಿಸಿ. “ಭಾನುವಾರದೊಳಗೆ ಆ ಮೂಲೆಗೆ ಒಂದು ದೊಡ್ಡ ಮೇಜು ಬೇಕು ರೀ. ಅಪ್ಪನಿಗೆ ಹೇಳ್ತೀನಿ, ಬಂದು ಮಾಡಿಕೊಡ್ತಾರೆ.”

ಅವಳಪ್ಪ ಪಕ್ಕದ ಬೀದಿಯವರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿ ಈಗ ಕೈ ಕಟ್ಟಿ ಕೂತವರು. ಮಾತು ಕಡಿಮೆ.

“ನಿಮ್ಮಪ್ಪನಿಗೆ ಡಿಗ್ರಿ ಗೊತ್ತಾ?” ಅಂದರು ಮೇಷ್ಟ್ರು.

“ಅವರು ಮಾಡಿದ ಕಿಟಕಿ ಒಂದೂ ಇವತ್ತಿಗೂ ಕಿರ್ ಅಂದಿಲ್ಲ.”

“ಕಿರ್ ಅನ್ನದೇ ಇರೋದು ಎಣ್ಣೆಯಿಂದ ಕಣೇ, ಗಣಿತದಿಂದ ಅಲ್ಲ. ಅವರು ಮೂಲೆ ಅಳೆಯೋದನ್ನ ನೋಡಿದೀನಿ ನಾನು. ಎರಡು ಮರದ ಪಟ್ಟಿ, ತುದಿಗೆ ಒಂದು ತಿರುಪು. ಮೂಲೆಗೆ ಹಿಡಿದು ಅಗಲಿಸ್ತಾರೆ, ತಿರುಪು ಬಿಗಿ ಮಾಡ್ತಾರೆ, ಹೆಗಲ ಮೇಲೆ ಹಾಕ್ಕೊಂಡು ಹೊರಟುಬಿಡ್ತಾರೆ. ಎಷ್ಟು ಡಿಗ್ರಿ ಮಾವ ಅಂದ್ರೆ ‘ಇಷ್ಟು’ ಅಂತಾರೆ! ‘ಇಷ್ಟು’ ಅನ್ನೋದು ಒಂದು ಅಳತೆನಾ?”

“ಮೇಜು ಗೋಡೆಗೆ ಕೂತ್ಕೊಂಡ್ರೆ ಸಾಕಲ್ಲ. ಹೆಸರಿಟ್ಟು ತೊಟ್ಟಿಲು ತೂಗಬೇಕಾ ಅದಕ್ಕೆ?”

“ಶಾಸ್ತ್ರೋಕ್ತವಾಗಿ ಆಗ್ಬೇಕು. ನಾನೇ ಅಳೀತೀನಿ, ಮರದ ಡಿಪೋದಲ್ಲಿ ಅಳತೆ ಕೊಟ್ಟು ಕೊಯ್ಸಿ ತರ್ತೀನಿ. ನಿಮ್ಮಪ್ಪ ಬಂದು ನೋಡಿ ಹೊಗಳ್ಲಿ.”

ಟೈಲರಕ್ಕ ಮೂಲೆಯ ಕಡೆ ನೋಡಿದಳು. ಈ ಮನೆಯ ಬೀದಿ ಅಲ್ಲೇ ಸ್ವಲ್ಪ ತಿರುಗುತ್ತದೆ. ಕಟ್ಟಿದವನು ಮುಂದಿನ ಗೋಡೆಯನ್ನೂ ಬೀದಿಯ ಜೊತೆಗೇ ತಿರುಗಿಸಿಬಿಟ್ಟಿದ್ದ.

“ಈ ಮೂಲೆ ಸ್ವಲ್ಪ ಬಾಯಿ ಬಿಟ್ಕೊಂಡಿದೆ ಅಂತ ನಂಗೆ ಮೊದಲಿಂದಲೂ ಅನುಮಾನ ರೀ. ಚೌಕದ ಟ್ರಂಕು ಇಟ್ಟಾಗ್ಲೂ ಪಕ್ಕದಲ್ಲಿ ಪೊರಕೆ ತೂರುವಷ್ಟು ಸಂದಿ ಇತ್ತು.”

“ಟ್ರಂಕು ಸೊಟ್ಟ.”

“ಬೀರು ಇಟ್ಟಾಗ್ಲೂ ಇತ್ತು.”

“ಬೀರುನೂ ಸೊಟ್ಟ.”

“ಹಾಗಾದ್ರೆ ಮನೆಲಿರೋ ಸಾಮಾನೆಲ್ಲ ಸೊಟ್ಟ, ಗೋಡೆ ಮಾತ್ರ ನೆಟ್ಟಗೆ?”

“ಗೋಡೆ ಅಲ್ಲ, ನಿನ್ನ ದೃಷ್ಟಿ...” ಅಂತ ಶುರು ಮಾಡಿದ ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಟೈಲರಕ್ಕನ ಎರಡೂ ಕೈ ಸೊಂಟದ ಮೇಲೆ ಬಂದಿದ್ದವು. (ಮೊಣಕೈಯ ಕೋನ ಅರವತ್ತಕ್ಕಿಂತ ಕೆಳಗಿಳಿದರೆ ಗಂಡಸು ಬಾಯಿ ಮುಚ್ಚತಕ್ಕದ್ದು. ಇದು ಯಾವ ಪುಸ್ತಕದಲ್ಲೂ ಇಲ್ಲ, ಮದುವೆಯಾದ ಮೇಲೆ ಮೇಷ್ಟ್ರು ಸ್ವತಃ ಕಂಡುಹಿಡಿದ ಪ್ರಮೇಯ.)

ಗುರುವಾರ ಅಳತೆಯ ಮಹೋತ್ಸವ ನಡೆಯಿತು. ಶಾಲೆಯಿಂದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬಳಸುವ ಮರದ ಕೋನಮಾಪಕವನ್ನೇ ಹೊತ್ತು ತಂದರು. ಅದೇನು ಸಣ್ಣದಾ? ಹಿಡಿ ಬೇರೆ ಇದೆ, ಯುದ್ಧಕ್ಕೆ ಹೊರಟ ಗುರಾಣಿಯ ಹಾಗೆ. ಮೂಲೆಯಲ್ಲಿ ನೆಲದ ಮೇಲೆ ಪೇಪರ್ ಹಾಸಿದರು. ಎರಡು ಗೋಡೆಯ ಉದ್ದಕ್ಕೂ ಎರಡು ಗೆರೆ ಎಳೆದರು. ಗೆರೆಗಳು ಸೇರುವ ಜಾಗಕ್ಕೆ ಚುಕ್ಕೆ ಇಟ್ಟು, “ಇದು ಶೃಂಗ. ಇವೆರಡು ಭುಜ,” ಅಂತ ಹೆಂಡತಿಗೆ ಪಾಠ ಹೇಳಿದರು. ಹೆಂಡತಿ ಗುಂಡಿ ಹೊಲಿಯುತ್ತಿದ್ದಳು.

ಪೇಪರನ್ನು ಮಂಚದ ಮೇಲೆ ಹರಡಿ ಕೋನಮಾಪಕ ಇಟ್ಟರು. ಒಂದು ಗೆರೆ ಎಡಕ್ಕೆ ಮುಖ ಮಾಡಿ, ಎಡಗಡೆಯ ಸೊನ್ನೆಯ ಮೇಲೆ ಲಕ್ಷಣವಾಗಿ ಕೂತಿತು. ಇನ್ನು ಎಡದಿಂದ ಹೊರಡುವ ಸಾಲು ಓದಬೇಕು, ಅಷ್ಟೇ. ಅಷ್ಟರಲ್ಲಿ ಒಳಗಿನಿಂದ ಹಾಲು ಉಕ್ಕಿದ ವಾಸನೆ ಬಂತು. “ರೀ, ಒಲೆ!” ಅಂತ ಕೂಗಿ ಟೈಲರಕ್ಕ ಓಡಿದಳು, ಮೇಷ್ಟ್ರೂ ಓಡಿದರು, ಒಲೆ ಆರಿಸಿದರು, ವಾಪಸ್ ಬಂದರು, ಬಗ್ಗಿದರು, ಬಲಗಡೆಯಿಂದ ಹೊರಡುವ ಸಾಲು ಓದಿದರು.

“ಎಂಬತ್ತನಾಲ್ಕು!”

(ಶ್! ಯಾರೂ ಬಾಯಿ ಬಿಡಬೇಡಿ. ಅವರಿಗೆ ಇನ್ನೂ ಗೊತ್ತಿಲ್ಲ.)

“ಎಂಬತ್ತನಾಲ್ಕು ಅಂದ್ರೆ ಏನ್ರೀ? ಅಗಲನಾ, ಇಕ್ಕಟ್ಟಾ?”

“ತೊಂಬತ್ತಕ್ಕಿಂತ ಆರು ಕಮ್ಮಿ. ಲಘುಕೋನ. ಇಕ್ಕಟ್ಟು.”

“ಪೊರಕೆ ತೂರ್ತಿತ್ತಲ್ರೀ?”

“ಕಣ್ಣು ಮೋಸ ಮಾಡುತ್ತೆ ಕಣೇ. ಸಂಖ್ಯೆ ಮಾಡಲ್ಲ,” ಅಂದರು ಮೇಷ್ಟ್ರು. ಪೇಪರಿನ ಮೇಲೆ 84° ಅಂತ ದಪ್ಪ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದರು.

ಮರದ ಡಿಪೋದ ಮಾಲೀಕ ಮೇಷ್ಟ್ರ ಹಳೇ ವಿದ್ಯಾರ್ಥಿ. ಈಗ ಅವನಿಗೇ ಒಂದೆರಡು ಕೂದಲು ನರೆತಿದೆ. ಅಳತೆ ನೋಡಿ ತಲೆ ಕೆರೆದುಕೊಂಡ. “ಸಾರ್, ಎಂಬತ್ತನಾಲ್ಕಾ? ನಿಮ್ಮ ಬೀದಿ ಮನೆಗಳು ಸಾಮಾನ್ಯ ಇನ್ನೊಂದು ಕಡೆ ವಾಲ್ತಾವೆ. ಒಂದ್ಸಲ ಬಂದು ನೋಡ್ಲಾ?”

ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ಏಳನೇ ಕ್ಲಾಸಿನಲ್ಲಿ ನನ್ನ ಹತ್ರ ಸೊನ್ನೆ ತಗೊಂಡೋನು ನೀನೇ ಅಲ್ವಾ?”

“ಹೌದು ಸಾರ್.”

“ಎಷ್ಟು ಸಲ ಬರೆದೆ?”

“ನೂರು ಸಲ ಸಾರ್,” ಅಂದ ಡಿಪೋದವ, ಮೂವತ್ತು ಕೆಲಸಗಾರರ ಮುಂದೆ ಕೈ ಹಿಂದೆ ಕಟ್ಟಿಕೊಂಡು. ಆ ಭಯಕ್ಕೆ ಎಂಬತ್ತನಾಲ್ಕು ಅಂದರೆ ಎಂಬತ್ತನಾಲ್ಕೇ ಕೊಯ್ಸಿದ. ಅಷ್ಟು ಕರಾರುವಾಕ್ಕಾದ ತಪ್ಪು ಮೇಜು ಈ ಲೋಕದಲ್ಲಿ ಇನ್ನೊಂದಿಲ್ಲ.

ಭಾನುವಾರ ಮೂರೂವರೆಗೆ ಮೇಜು ಬಂತು. ಗೋಡೆಗುಂಟ ಎರಡೂ ಕಡೆ ಐದೈದು ಅಡಿ, ಮೇಲೆ ದಪ್ಪ ಹಲಗೆ, ಕೆಳಗೆಲ್ಲ ಹಲಗೆ ಮುಚ್ಚಿದ ಖಾನೆಗಳು, ಆನೆ ಕೂತರೂ ಅಲುಗದ ಭಾರ. ಹೊತ್ತು ತಂದ ಇಬ್ಬರು ಮೇಷ್ಟ್ರ ಅಪ್ಪಣೆಯಂತೆ ಒಂದು ಅಂಚನ್ನು ಪಕ್ಕದ ಗೋಡೆಗೆ ಒತ್ತಿ, ನಾಲ್ಕು ಸ್ಕ್ರೂ ಬಿಗಿದು, ಇನ್ನೊಂದು ಅಂಚನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ಕಡೆ ಕೆಲಸ ಇದೆ ಅಂತ ಹೇಳಿ ಹೋಗೇಬಿಟ್ಟರು.

ಮೂಲೆಯ ತುದಿಯಲ್ಲಿ ಮೇಜೂ ಗೋಡೆಯೂ ಮುತ್ತಿಟ್ಟುಕೊಂಡಿದ್ದವು. ಅಲ್ಲಿಂದ ಮುಂದಕ್ಕೆ ಬರುತ್ತಾ ಬರುತ್ತಾ ಮೇಜಿನ ಅಂಚು ಬೀದಿ ಕಡೆಯ ಗೋಡೆಯನ್ನು ಬಿಟ್ಟು ಮುನಿಸಿಕೊಂಡ ಹಾಗೆ ದೂರ ಸರಿಯುತ್ತಿತ್ತು. ಎರಡು ಅಡಿಗೆ ಒಂದು ಗೇಣು ತುಂಬುತ್ತಿರಲಿಲ್ಲ. ಐದು ಅಡಿಗೆ ಬರುವಷ್ಟರಲ್ಲಿ ಒಂದು ಅಡಿಗೂ ಮಿಕ್ಕಿ ಸಂದಿ.

ಟೈಲರಕ್ಕ ಸಂದಿಯ ಮುಂದೆ ನಿಂತಳು. “ರೀ. ಸಂದಿ ಬೆಳೀತಾ ಹೋಗ್ತಿದೆ.”

“ಸಂದಿ ಬೆಳೀತಿಲ್ಲ. ಕೋನ ಮೊದಲಿಂದ ಕೊನೇವರೆಗೂ ಅಷ್ಟೇ ಇದೆ. ಭುಜ ಎಷ್ಟು ಉದ್ದ ಆದ್ರೂ ಕೋನ ಬದಲಾಗಲ್ಲ. ಇದು ಕೋನದ ಮೂಲಭೂತ ಗುಣ.”

“ಕೋನ ಬದಲಾಗಲ್ಲ, ಸರಿ. ಐದು ಗಂಟೆಗೆ ಮೇಡಂ ಬಂದಾಗ ಬಟ್ಟೆ ಹರಡಿದ್ರೆ ಅರ್ಧ ಬಟ್ಟೆ ಈ ಹಳ್ಳಕ್ಕೆ ಬೀಳುತ್ತಲ್ಲ, ಅದು ಯಾವ ಗುಣ?”

“ಗೋಡೆ ಸರಿದಿರ್ಬೇಕು.”

“ಗುರುವಾರದಿಂದ ಭಾನುವಾರಕ್ಕೆ?”

ಮೇಷ್ಟ್ರು ಮೇಜಿನ ಮೇಲೆ ಕೈಯಾಡಿಸಿದರು. ಕೈ ತಗಲಿ ಟೈಲರಕ್ಕನ ಕತ್ತರಿ, ಅವಳ ಬಲಗೈಗಿಂತ ಹೆಚ್ಚಿನ ಆ ದೊಡ್ಡ ಕತ್ತರಿ, ಜಾರಿ ಸಂದಿಗೆ ಬಿದ್ದು ಠಣ್ ಅಂತ ಒಳಗೆ ಸರಿಯಿತು.

ಇಬ್ಬರೂ ಬಗ್ಗಿ ಸಂದಿಯೊಳಗೆ ಇಣುಕಿದರು.

“ತೆಗೀತೀನಿ,” ಅಂದರು ಮೇಷ್ಟ್ರು.

“ಬೇಡ ರೀ. ನಿಮ್ಮ ಹೊಟ್ಟೆ...”

“ನನ್ನ ಹೊಟ್ಟೆ ಎಷ್ಟಿದೆ ಅಂತ ನಂಗೆ ಗೊತ್ತು.”

(ಗೊತ್ತಿರಲಿಲ್ಲ.)

ಉಸಿರು ಎಳೆದು, ಹೊಟ್ಟೆ ಒಳಗೆ ಹಾಕಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಮೇಷ್ಟ್ರು ಸಂದಿಯೊಳಗೆ ಪ್ರವೇಶ ಮಾಡಿದರು. ಒಂದು ಹೆಜ್ಜೆ. ಎರಡು ಹೆಜ್ಜೆ. ಕಾಲಿನಿಂದ ಕತ್ತರಿಯನ್ನು ಎಳೆದು ಹೊರಕ್ಕೆ ತಳ್ಳಿದರು. ವಿಜಯದ ಸಂತೋಷಕ್ಕೆ ಉಸಿರು ಬಿಟ್ಟರು. ಅಷ್ಟೇ. ಮುಂದೆ ಮೇಜಿನಂಚು, ಹಿಂದೆ ಗೋಡೆ, ನಡುವೆ ರೇಖಾಗಣಿತ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

“ಬನ್ನಿ ಆಚೆ,” ಅಂದಳು ಟೈಲರಕ್ಕ ಕತ್ತರಿ ಎತ್ತಿಕೊಂಡು.

“ಬರ್ತೀನಿ.”

“ಬನ್ನಿ.”

“ಬರ್ತೀನಿ ಅಂದ್ನಲ್ಲ.”

ಕೈ ಹಿಡಿದು ಎಳೆದಳು. ಮೇಷ್ಟ್ರು ಮುಲುಗಿದರು. ಸೋಪಿನ ನೀರು ಸುರಿಯಲಾ ಅಂದಳು, ಇರುವುದೊಂದೇ ಒಳ್ಳೆ ಪ್ಯಾಂಟು ಅಂದರು. ಅದೇ ಹೊತ್ತಿಗೆ ಬಾಗಿಲು ಢಬ್ ಅಂತ ಗೋಡೆಗೆ ಬಡಿಯಿತು. ನೂರ ಎಂಬತ್ತು. ಬಡಗಿ ಮಾವ.

“ಮೇಜು ನೋಡೋಣ ಅಂತ ಬಂದೆ. ಅಳಿಯಂದ್ರು ಎಲ್ಲಮ್ಮ?”

“ಇಲ್ಲೇ ಇದೀನಿ ಮಾವ,” ಅಂತು ಗೋಡೆ.

ಮಾವ ಹತ್ತಿರ ಬಂದು ಅಳಿಯನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದರು. ಅಲ್ಲಿಂದ ಕೆಳಗೆ ಕಾಣುತ್ತಿರಲಿಲ್ಲ. “ಅಲ್ಲೇನ್ ಮಾಡ್ತಿದೀರಿ?”

“ಅಳತೆ ಸರಿ ಇದೆಯಾ ಅಂತ ನೋಡ್ತಿದೀನಿ.”

“ಒಳಗಿಂದಾನಾ?”

ಮಾವ ಹೆಗಲ ಮೇಲಿನ ಎರಡು ಪಟ್ಟಿ ಇಳಿಸಿದರು. ಮೇಜಿನ ಮೇಲೆ ಬಗ್ಗಿ ಎರಡು ಗೋಡೆಗೂ ಒತ್ತಿ ತಿರುಪು ಬಿಗಿದರು. “ಇಷ್ಟು ಬೇಕಿತ್ತು,” ಅಂದರು. ಆಮೇಲೆ ತಿರುಪು ಸಡಿಲಿಸಿ ಮೇಜಿನ ಎರಡು ಅಂಚಿಗೆ ಪಟ್ಟಿ ಹೊಂದಿಸಿದರು. ಪಟ್ಟಿಗಳು ಹತ್ತಿರ ಬಂದವು. “ಇಷ್ಟು ಆಗಿದೆ.”

ಅಷ್ಟೇ ಮಾತು. ಬೈದಿದ್ದರೂ ಮೇಷ್ಟ್ರಿಗೆ ಅಷ್ಟು ನೋಯುತ್ತಿರಲಿಲ್ಲ.

“ಸ್ಕ್ರೂ ಬಿಚ್ಚಬೇಕು ಕಂದ. ಸ್ಕ್ರೂಡ್ರೈವರ್ ಮನೇಲಿದೆ, ತರ್ತೀನಿ,” ಅಂತ ಮಾವ ಹೊರಟರು. ಅವರು ಯಾವತ್ತೂ ಅವಸರ ಮಾಡಿದವರಲ್ಲ. ಅವತ್ತೂ ಮಾಡಲಿಲ್ಲ.

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಕಿಟಕಿಯ ಹೊರಗೆ ಹೆಡ್‌ಮೇಡಂ ಅವರ ಕೊಡೆ ಕಾಣಿಸಿತು.

“ಅಯ್ಯೋ, ಬಂದೇಬಿಟ್ರು! ಏನ್ ಮಾಡ್ಲಿ? ನೂರ ನಲವತ್ತು ಜೊತೆ ರೀ! ಮೊದಲನೇ ಸಲ ಹೆಜ್ಜೆ ಗುರುತು, ಎರಡನೇ ಸಲ ಗಂಡನೇ ಬಿದ್ದಿದಾನೆ ಅಂದ್ರೆ ನಂಗೆ ಈ ಜನ್ಮದಲ್ಲಿ ಯಾರು ಕೆಲಸ ಕೊಡ್ತಾರೆ?”

“ನಾನು ಇಲ್ಲ ಅಂದುಬಿಡು.”

“ಇದೀರಲ್ಲ! ಇಷ್ಟಗಲ!”

ಟೈಲರಕ್ಕನ ಕಣ್ಣು ಸಮವಸ್ತ್ರದ ನೀಲಿ ಬಟ್ಟೆಯ ಮೇಲೆ ಬಿತ್ತು. ಒಂದೇ ಬೀಸಿಗೆ ಮೂರು ಮೀಟರ್ ಬಟ್ಟೆ ಮೇಷ್ಟ್ರ ತಲೆಯಿಂದ ಇಳಿಯಿತು. ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿದಳು. ಎದೆಯ ಮೇಲೆ ಕಾಗದದಲ್ಲಿ ಕತ್ತರಿಸಿದ ತೋಳಿನ ನಮೂನೆಯೊಂದನ್ನು ಇಟ್ಟು ಎರಡು ಪಿನ್ನು ಚುಚ್ಚಿದಳು. (ಒಂದು ಪಿನ್ನು ಸಾಕಾಗಿತ್ತು. ಎರಡನೆಯದು ಹೆಜ್ಜೆ ಗುರುತಿನದು.)

“ಹಾ...”

“ಗೊಂಬೆಗಳು ಮಾತಾಡಲ್ಲ,” ಅಂತ ಪಿಸುಗುಟ್ಟಿ ಹೋಗಿ ಬಾಗಿಲನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ತೆರೆದಳು.

ಹೆಡ್‌ಮೇಡಂ ಒಳಗೆ ಬಂದರು. ಯಂತ್ರ ನೋಡಿದರು, ಬೆಳಕು ನೋಡಿದರು, ಮೇಜಿನ ಮೇಲೆ ಬೆರಳೆಳೆದು ಧೂಳು ನೋಡಿದರು. ಆಮೇಲೆ ಮೂಲೆಗೆ ಬಂದು ನಿಂತರು.

“ಇದೇನು, ಗೊಂಬೆನಾ?”

“ಹೌದು ಮೇಡಂ. ಅಳತೆ ನೋಡೋ ಗೊಂಬೆ.”

“ಹೊಟ್ಟೆ ಸ್ವಲ್ಪ ಜಾಸ್ತಿ ಆಯ್ತೇನೋ.”

“ಹಳೇದು ಮೇಡಂ. ಮನೆಗೆ ತರುವಾಗ ಹೀಗಿರಲಿಲ್ಲ.”

ಗೊಂಬೆ ಒಂದು ಸಲ ಜೋರಾಗಿ ಉಸಿರಾಡಿತು. ಟೈಲರಕ್ಕ ತಾನೇ ಕೆಮ್ಮಿದಳು.

“ಮೇಷ್ಟ್ರು ಇಲ್ವಾ?”

“ಇಲ್ಲೇ ಎಲ್ಲೋ ಹತ್ತಿರದಲ್ಲೇ ಇದಾರೆ ಮೇಡಂ.”

ಅ‍ಷ್ಟಕ್ಕೆ ಹೋಗಿಬಿಟ್ಟಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಜಿನ ಮೇಲೆ ಗುರುವಾರದ ಪೇಪರ್ ಬಿದ್ದಿತ್ತಲ್ಲ, ಎರಡು ಗೆರೆ, ಒಂದು ಚುಕ್ಕೆ, 84°, ಅಡಿಗೆರೆ, ಪಕ್ಕದಲ್ಲೇ ಮರದ ಕೋನಮಾಪಕ? ಹೆಡ್‌ಮೇಡಂ ಹೆಡ್ ಆಗುವ ಮುಂಚೆ ಅವರೂ ಗಣಿತದ ಟೀಚರೇ. ಕೈ ಸುಮ್ಮನಿರುತ್ತದಾ? ಕೋನಮಾಪಕ ಎತ್ತಿ ಪೇಪರಿನ ಮೇಲಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು.

“ಇದು ತೊಂಬತ್ತಕ್ಕಿಂತ ಜಾಸ್ತಿ ಅಂತ ಕಣ್ಣಿಗೇ ಕಾಣ್ತಿದೆಯಲ್ಲ! ಗೆರೆ ಇರೋದು ಎಡಗಡೆ ಸೊನ್ನೆ ಮೇಲೆ, ಓದಿರೋದು ಬಲಗಡೆ ಸಾಲು. ತೊಂಬತ್ತಾರು ಹೋಗಿ ಎಂಬತ್ತನಾಲ್ಕಾಗಿದೆ. ಪಾಪ, ಯಾವ ಮಗು ಅಳೆದಿದ್ದಿದು?”

ನೀಲಿ ಬಟ್ಟೆಯೊಳಗಿನ ಕತ್ತಲಲ್ಲಿ ಮೇಷ್ಟ್ರಿಗೆ ಆಗ ಜ್ಞಾನೋದಯವಾಯಿತು. ಟ್ರಂಕು ಸೊಟ್ಟ ಇರಲಿಲ್ಲ. ಬೀರು ಸೊಟ್ಟ ಇರಲಿಲ್ಲ. ಇಪ್ಪತ್ತೆರಡು ವರ್ಷ ನೂರು ನೂರು ಸಲ ಬರೆಸಿದ ಸಾಲೆಲ್ಲ ಕಣ್ಣ ಮುಂದೆ ಮೆರವಣಿಗೆ ಹೊರಟಿತು.

ಟೈಲರಕ್ಕ ಗೊಂಬೆಯ ಕಡೆ ನೋಡಿದಳು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. “ಅವರ ಹತ್ರ ಬಹಳ ವರ್ಷದಿಂದ ಕಲೀತಿರೋ ಒಬ್ಬರು ಮೇಡಂ. ತಲೆ ಚೆನ್ನಾಗಿದೆ, ಹಠ ಜಾಸ್ತಿ.”

“ಯಾರಾದ್ರೇನು. ಮೇಷ್ಟ್ರ ನಿಯಮ ಇದೆಯಲ್ಲ,” ಅಂತ ಹೆಡ್‌ಮೇಡಂ ಚೀಲದಿಂದ ಕೆಂಪು ಪೆನ್ನು ತೆಗೆದು, ಪೇಪರಿನ ಮೇಲೆ ದೊಡ್ಡದಾಗಿ, ದುಂಡಗೆ, ನಿಧಾನವಾಗಿ ಒಂದು ಸೊನ್ನೆ ಬರೆದರು.

“ಹಂತಕ್ಕೆ ಎರಡು ಮಾರ್ಕಾದ್ರೂ ಹಾಕಿ ಮೇಡಂ!” ಅಂತು ಗೊಂಬೆ.

ಕೆಂಪು ಪೆನ್ನು ಕೈ ಜಾರಿ ಸಂದಿಗೆ ಬಿತ್ತು.

ಹೆಡ್‌ಮೇಡಂ ಕಿರುಚಲಿಲ್ಲ. ಹತ್ತಿರ ಹೋಗಿ ಎರಡು ಬೆರಳಲ್ಲಿ ಬಟ್ಟೆಯ ತುದಿ ಎತ್ತಿದರು. ಒಳಗಿನಿಂದ ಬೆವರಿದ ಮುಖವೊಂದು ಹೊರಬಂತು.

“ಮೇಷ್ಟ್ರೇ.”

“ನಮಸ್ಕಾರ ಮೇಡಂ. ಗೆರೆ ಸರಿಯಾಗಿ ಎಳೆದಿದೀನಿ. ಶೃಂಗ ಸರಿಯಾಗಿ ಗುರುತಿಸಿದೀನಿ.”

“ಸಾಲು?”

ಮೇಷ್ಟ್ರು ಮೇಜು ನೋಡಿದರು. “ಹಾಲು ಉಕ್ಕಿತು ಮೇಡಂ.”

“ಮಕ್ಕಳೂ ಏನೋ ಒಂದು ಉಕ್ಕಿತು ಅಂತಾನೇ ಹೇಳ್ತಾರೆ. ಎರಡು ಮಾರ್ಕು ಹಾಕ್ತೀನಿ. ಆದರೆ ನಿಮಗೆ ಹಾಕಿದ ಮೇಲೆ ಎಲ್ಲರಿಗೂ ಹಾಕ್ಬೇಕಾಗುತ್ತೆ. ಕೋನದಲ್ಲಿ ಕರುಣೆ ಇದೆಯಾ ಮೇಷ್ಟ್ರೇ?”

ಒಂದು ಕಡೆ ಇಪ್ಪತ್ತೆರಡು ವರ್ಷದ ಸಿದ್ಧಾಂತ, ಇನ್ನೊಂದು ಕಡೆ ಗೋಡೆ. ಪಕ್ಕದಲ್ಲಿ ಹೆಂಡತಿ ಉಗುರು ಕಚ್ಚುತ್ತಿದ್ದಳು, ನೂರ ನಲವತ್ತು ಜೊತೆಯೂ ಅವಳ ಮುಖದಲ್ಲೇ ಕಾಣುತ್ತಿತ್ತು.

“ಇದೆ ಮೇಡಂ. ಸ್ವಲ್ಪ ಇದೆ.”

“ಎಷ್ಟು?”

ಮೇಷ್ಟ್ರಿಗೆ ಜೀವಮಾನದಲ್ಲಿ ಮೊದಲ ಸಲ ಸಂಖ್ಯೆ ಹೊಳೆಯಲಿಲ್ಲ. ಬಟ್ಟೆಯಿಂದ ಒಂದು ಕೈ ಹೊರತೆಗೆದು, ಹೆಬ್ಬೆರಳು ತೋರುಬೆರಳು ಅಗಲಿಸಿ ತೋರಿಸಿದರು. “ಇಷ್ಟು.”

ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ ಮಾವ ತಲೆದೂಗಿದರು. “ಸರಿಯಾಗಿ ಹೇಳಿದ್ರಿ ಅಳಿಯಂದ್ರೇ.”

ನಾಲ್ಕು ಸ್ಕ್ರೂ ಬಿಚ್ಚಿ, ಮೂವರೂ ಸೇರಿ ಮೇಜು ತಳ್ಳಿದ ಮೇಲೆ ಮೇಷ್ಟ್ರು ಲೋಕಕ್ಕೆ ಮರಳಿದರು. ಮಾವ, “ನಾಳೆ ಒಂದು ಪಟ್ಟಿ ಕೊಯ್ದು ಸಂದಿ ಮುಚ್ಚಿಬಿಡ್ತೀನಿ,” ಅಂದರು. ಟೈಲರಕ್ಕ ಮೇಜನ್ನು ನೋಡಿದಳು, ಗೋಡೆಗೆ ಒರಗಿ ದಿನಕ್ಕೆ ಹತ್ತು ಸಲ ಉರುಳಿ ಬೀಳುವ ಬಟ್ಟೆ ಸುರುಳಿಗಳನ್ನು ನೋಡಿದಳು. “ಬೇಡ ಅಪ್ಪ. ಹೀಗೇ ಇರಲಿ,” ಅಂದಳು. ಮೇಜನ್ನು ಮೊದಲಿನ ಹಾಗೇ ಬಿಗಿಸಿ, ಸುರುಳಿಗಳನ್ನು ಒಂದೊಂದಾಗಿ ಸಂದಿಯಲ್ಲಿ ನಿಲ್ಲಿಸಿದಳು. ಸಣ್ಣ ಸುರುಳಿ ಒಳಗೆ, ದಪ್ಪದ್ದು ಹೊರಗೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಅವುಗಳ ಮುಂದೆ ಬಟ್ಟೆ ಹರಡಿದರೆ ಒಂದು ಎಳೆಯೂ ಕೆಳಗೆ ಜಾರಲಿಲ್ಲ.

ಹೆಡ್‌ಮೇಡಂ ಮುಖ ಅರಳಿತು. “ಎಂಥ ಒಳ್ಳೆ ಉಪಾಯ! ಯಾರದ್ದು?”

“ಅದು ಮೊದಲಿಂದಾನೇ ನನ್ನ ಯೋಜನೆಯಲ್ಲಿ...” ಅಂದ ಮೇಷ್ಟ್ರು ಟೈಲರಕ್ಕನ ಮೊಣಕೈ ನೋಡಿದರು. ನಲವತ್ತೈದು. ಇಳಿಯುತ್ತಿತ್ತು. ಬಾಯಿ ಮುಚ್ಚಿದರು.

“ನಾಳೆ ಬಟ್ಟೆ ಕಳಿಸ್ತೀನಿ. ನೂರ ನಲವತ್ತೂ ನಿಮಗೇ,” ಅಂದರು ಹೆಡ್‌ಮೇಡಂ ಟೈಲರಕ್ಕನ ಕೈ ಹಿಡಿದು. ಬಾಗಿಲ ತನಕ ಹೋದವರು ಕೊಡೆ ಬಿಚ್ಚುತ್ತ ತಿರುಗಿದರು. “ಮೇಷ್ಟ್ರೇ, ಎರಡು ಮಾರ್ಕು ಬಂತು. ನೂರು ಸಲ ಬರೆಯೋದು ಇನ್ನೂ ಇದೆ. ಬೆಳಿಗ್ಗೆ ಮೊದಲನೇ ಗಂಟೆ ಹೊಡೆಯೋ ಮುಂಚೆ ನನ್ನ ಮೇಜಿನ ಮೇಲಿರಲಿ.”

ದೀಪ ಹಾಕುವ ಹೊತ್ತಿಗೆ ಹೊಸ ಮೇಜಿನ ಒಂದು ಕಡೆ ಟೈಲರಕ್ಕ ನಿಂತುಕೊಂಡೇ, ಮಂಡಿಯೂರದೆ, ನೀಲಿ ಬಟ್ಟೆ ಕತ್ತರಿಸುತ್ತಿದ್ದಳು. ಇನ್ನೊಂದು ಕಡೆ ಮೇಷ್ಟ್ರು ತಲೆ ತಗ್ಗಿಸಿ ಬರೆಯುತ್ತಿದ್ದರು. ಮಾವ ಕುರ್ಚಿ ಎಳೆದುಕೊಂಡು ಟೀ ಕುಡಿಯುತ್ತ ಕೂತಿದ್ದರು.

“ಎಷ್ಟಾಯ್ತು ಅಳಿಯಂದ್ರೇ?”

“ತೊಂಬತ್ತಾರು ಮಾವ. ಇನ್ನು ನಾಲ್ಕೇ,” ಅಂದರು ಮೇಷ್ಟ್ರು ಬೆರಳು ಝಾಡಿಸುತ್ತ.

ಮಾವ ಲೋಟ ಕೆಳಗಿಟ್ಟರು. ಹಾಳೆಯ ಸಾಲುಗಳನ್ನು ಮನಸ್ಸಿನಲ್ಲೇ ಒಂದು ಸಲ ಎಣಿಸಿದರು.

“ಯಾವ ಕಡೆಯಿಂದ ಓದಿದ್ರಿ?”

ಟೈಲರಕ್ಕನ ಕತ್ತರಿ ನಿಂತಿತು. ಮೇಷ್ಟ್ರು ಪೆನ್ನು ಕೊಡವಿ, ಕನ್ನಡಕ ಸರಿ ಮಾಡಿಕೊಂಡು, ಎಂಬತ್ತೈದನೆಯ ಸಲ ಬರೆಯಲು ಶುರು ಮಾಡಿದರು.